ನೋಡಲು ಚಂದದ ಊರಿಗೆ ದಾರಿ ಬೇಡವೇ?

ಈ ಪತ್ರಿಕೆ ಮನೆಗೆ ಬಂದ ದಿನ ನಾನು ಮೊದಲು ನೋಡುವುದು ಚಿತ್ರಗಳನ್ನು. ಹೆಂಚಿನ ಮನೆ, ಮುಂದೆ ಅಂಗಳ, ಅಂಗಳದಾಚೆ ಅಡಿಕೆ ತೋಟ, ತೋಟದ ಹಿಂದೆ ಗುಡ್ಡ. ಗುಡ್ಡದಿಂದ ಪೈಪಿನೊಳಗೆ ತಾನಾಗಿ ಇಳಿದು ಬರುವ ನೀರು. ಹೊನವಾಡದಲ್ಲಿ ಕೂತು ಇಂಥ ಚಿತ್ರ ನೋಡುವವನಿಗೆ ಏನೇನು ಅನಿಸುತ್ತದೆ ಎಂದು ಮಲೆನಾಡಿನ ಓದುಗರಿಗೆ ಹೇಳಿದರೂ ತಿಳಿಯಲಿಕ್ಕಿಲ್ಲ.

ನಮ್ಮದು ಎರಿ ಭೂಮಿ. ಕಣ್ಣು ಹಾಯುವಷ್ಟು ದೂರ ಬಯಲು. ನಮ್ಮ ಜಿಲ್ಲೆಗೆ ವರ್ಷಪೂರ್ತಿ ಬೀಳುವ ಮಳೆ ಸುಮಾರು 600 ಮಿ.ಮೀ. ಆಗುಂಬೆಯಲ್ಲಿ 7000 ಮಿ.ಮೀ. ದಾಟುತ್ತದೆ. ನಾವು ಆರುನೂರು, ಏಳುನೂರು ಅಡಿ ಬೋರು ಕೊರೆಸಿ, ಬರೀ ಬಿಳಿ ಹುಡಿ ಬಂದಾಗ ತಲೆ ಮೇಲೆ ಕೈ ಹೊತ್ತು ಕೂತವರು. ಮೂರು ಫೇಜಿನ ಕರೆಂಟು ರಾತ್ರಿ ಬಂದರೆ ಬ್ಯಾಟರಿ ಹಿಡಿದುಕೊಂಡು, ಹಾವಿಗೆ ಅಂಜಿಕೊಂಡು ಮೋಟರ್ ಚಾಲೂ ಮಾಡಲು ಹೋಗುವವರು. 2016ರ ಬರದೊಳಗೆ ದ್ರಾಕ್ಷಿ ಬಳ್ಳಿಯ ಜೀವ ಹಿಡಿಯಲು ಟ್ಯಾಂಕರ್ ನೀರು ಹಾಕಿದ್ದೇವೆ. ಅಂಥವನಿಗೆ ಮೋಟರ್ ಇಲ್ಲದೆ, ಕರೆಂಟ್ ಇಲ್ಲದೆ, ಹಗಲೂ ರಾತ್ರಿ ಹರಿಯುವ ನೀರಿನ ಚಿತ್ರ ತೋರಿಸಿದರೆ ಅವನು ಕನಸು ಕಾಣದೆ ಇನ್ನೇನು ಮಾಡ್ಯಾನು?

ನಾನೂ ಕಾಣುತ್ತೇನೆ. ಎರಡು ಎಕರೆ ಸಾಕು, ಹೆಂಚಿನ ಸಣ್ಣ ಮನೆ, ನಾಲ್ಕು ದನ, ಹಿಂದೆ ಕಾಡು. ಊರು ದೂರ ಇದ್ದಷ್ಟೂ ಛಲೋ. ಈ ಕನಸಿಗೆ ರೊಕ್ಕ ಹತ್ತುವುದಿಲ್ಲ, ಆದ್ದರಿಂದ ಬಿಟ್ಟಿಲ್ಲ. ಆದರೆ ಈ ಕನಸಿನ ಬಗ್ಗೆ ಕೆಲವು ಮಾತು ನಮ್ಮ ನಮ್ಮೊಳಗೆ ಆಡಿಕೊಳ್ಳಬೇಕು ಎಂದು ಬಹಳ ದಿನದಿಂದ ಅನಿಸಿತ್ತು. ಯಾಕಂದ್ರೆ ಇದು ನನ್ನೊಬ್ಬನ ಕನಸಲ್ಲ. ಮಾಸ್ತರರು, ಬ್ಯಾಂಕಿನವರು, ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತ ನಮ್ಮದೇ ಹುಡುಗರು, ಎಲ್ಲರೂ ಒಂದು ದಿನ ಇಂಥ ಊರಿಗೆ ಹೋಗಿ ಇರುತ್ತೇವೆ ಅನ್ನುವವರೇ.

ಮನೆಯವಳ ಪ್ರಶ್ನೆ

ಒಂದು ಸಂಜೆ ಮಣೂಕದ ಶೆಡ್ಡಿನಲ್ಲಿ ಕಾಯಿ ಆರಿಸುತ್ತ ಕೂತಾಗ ಈ ಮಾತು ನಮ್ಮ ಮನೆಯವಳ ಮುಂದೆ ಎತ್ತಿದೆ. ಕೈ ನಿಲ್ಲಿಸದೆ ಕೇಳಿದಳು: "ಅಲ್ಲಿ ರೊಟ್ಟಿ ಬಡಿಯಾಕ ಜ್ವಾಳ ಎಲ್ಲಿಂದ ತರ್ತೀರಿ?" ತರೋಣ ಬಿಡು ಅಂದೆ. "ಮಾತಾಡ್ಸಾಕ ಯಾರ ಅದಾರ ಅಲ್ಲಿ? ನೀವು ಹೋಗ್ರಿ. ನಾ ಇಲ್ಲೇ ಇರ್ತೀನಿ."

ಇದರಲ್ಲಿ ದೊಡ್ಡ ಮಾತಿದೆ. ನಮ್ಮ ಬಯಲುಸೀಮೆಯ ಊರುಗಳಲ್ಲಿ ಮನೆಗೆ ಮನೆ ಹತ್ತಿ ಇರುತ್ತದೆ. ಒಂದು ಗೋಡೆ ಇಬ್ಬರದು. ಈ ಮನೆಯಲ್ಲಿ ಕೆಮ್ಮಿದರೆ ಆ ಮನೆಯವರು "ಯಾಕವ್ವಾ, ಆರಾಮಿಲ್ಲೇನು" ಅಂತಾರೆ. ಸದೆ ತೆಗೆಯಲು ಹೊರಟರೆ ಎಂಟು ಹತ್ತು ಹೆಣ್ಣುಮಕ್ಕಳು ಕೂಡಿಯೇ ಹೋಗುತ್ತಾರೆ, ಕೂಡಿಯೇ ಬುತ್ತಿ ಬಿಚ್ಚುತ್ತಾರೆ. ಮಲೆನಾಡಿನಲ್ಲಿ ಹಾಗಲ್ಲ. ತೋಟ ಇದ್ದಲ್ಲಿ ಮನೆ. ಪಕ್ಕದ ಮನೆ ಅಂದರೆ ಒಂದು ಗುಡ್ಡ ಹತ್ತಿ ಇಳಿಯಬೇಕು. ಗಂಡಸರು ಪೇಟೆ, ಸೊಸೈಟಿ, ಮಂಡಿ ಎಂದು ಹೊರಗೆ ಹೋಗಿ ಬರುತ್ತಾರೆ. ಮಳೆಗಾಲದ ಮೂರು ತಿಂಗಳು ಅಡಿಗೆಮನೆ, ಕೊಟ್ಟಿಗೆ, ಬಚ್ಚಲು ಎಂದು ತಿರುಗುವ ಹೆಣ್ಣುಮಗಳಿಗೆ ಮಾತಾಡಲು ದನ ಮಾತ್ರ. ಈ ಕನಸು ಕಾಣುವವರಲ್ಲಿ ಹೆಚ್ಚಿನವರು ಗಂಡಸರು ಯಾಕೆ ಎಂದು ಯೋಚಿಸಿ ನೋಡ್ರಿ.

ನಮ್ಮ ಮಕ್ಕಳಿಗೆ ಹೆಣ್ಣು ಸಿಗುವುದಿಲ್ಲ ಎಂಬ ಗೋಳು ಈಗ ಎಲ್ಲ ಕಡೆ ಇದೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ರೈತ ಹುಡುಗರು ಹೆಣ್ಣು ಸಿಗಲಿ ಎಂದು ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡೇ ಹೋದರು. ಪೇಪರಿನವರು ಅದನ್ನು ನಗೆಯ ಸುದ್ದಿ ಮಾಡಿದರು. ಒಂಟಿ ಮನೆಯ ಊರುಗಳಲ್ಲಿ ಇದು ಇನ್ನೂ ಹೆಚ್ಚು. ಹುಡುಗಿಯರು ಬುದ್ಧಿವಂತರು, ಚಿತ್ರ ನೋಡಿ ಮೋಸ ಹೋಗುವುದಿಲ್ಲ.

ಗುಳೆ ಹೋದವರು ಕಂಡದ್ದು

ಆ ಹಸಿರು ಊರುಗಳನ್ನು ನಮ್ಮ ಕಡೆಯವರು ಚಿತ್ರದಲ್ಲಿ ಮಾತ್ರ ಕಂಡಿಲ್ಲ. 1972ರ ಬರದಿಂದ ಹಿಡಿದು ಇಂದಿನ ತನಕ ನಮ್ಮ ಜಿಲ್ಲೆಯಿಂದ ಗೋವಾ, ಮಂಗಳೂರು, ಉಡುಪಿ, ಘಟ್ಟದ ಮೇಲಿನ ಊರುಗಳಿಗೆ ಗುಳೆ ಹೋದವರಿಗೆ ಲೆಕ್ಕವಿಲ್ಲ. ರಸ್ತೆಗೆ ಕಡಿ ಹಾಕಿದವರು ಅವರು, ಮನೆಗೆ ಪಾಯ ತೋಡಿದವರು, ತೋಟಕ್ಕೆ ಕಾಲುವೆ ಹೊಡೆದವರು ಅವರು. ನಮ್ಮ ಓಣಿಯ ಒಬ್ಬ ಹುಡುಗ ನಾಲ್ಕು ವರ್ಷ ಘಟ್ಟದ ತೋಟಗಳಲ್ಲಿ ಕೆಲಸ ಮಾಡಿ ತಿರುಗಿ ಬಂದ. ಹೆಂಗ ಅದ ಆ ಕಡೆ ಎಂದು ಕೇಳಿದೆ. "ನೀವು ಕೇಳಿದಂಗೇ ಚಂದ ಅದ ಕಾಕಾ. ಆದ್ರ ಬಿಸಿಲು ಬೀಳಂಗಿಲ್ಲ, ಅರಿವಿ ಒಣಗಂಗಿಲ್ಲ, ಕಾಲಿಗೆ ಉಂಬಳ ಬಿಡಂಗಿಲ್ಲ. ಜ್ವರ ಬಂದು ಮೂರು ದಿನ ಮಲಗಿದ್ದೆ, ಗಾಡಿ ಬರೋ ಜಾಗಕ್ಕ ನಡಕೊಂಡೇ ಹೋಗಬೇಕಾತು."

ಜ್ವರ ಅಂದಾಗ ನೆನಪಾಯಿತು. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣ್ಣೆಯಿಂದ ಹರಡುವ ಕಾಯಿಲೆ. ಅರವತ್ತು ವರ್ಷ ದಾಟಿದ ಮೇಲೂ, 2019ರ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದರಿಂದ ಜನ ಸತ್ತರು. ಸೊಪ್ಪು, ಸೌದೆ, ದನ ಎಂದು ದಿನಾ ಕಾಡಿಗೆ ಹೋಗಿ ಬರಬೇಕಾದವರಿಗೆ ಬರುವ ಕಾಯಿಲೆ ಅದು. ಕಾಡನ್ನು ಕಿಟಕಿಯಿಂದ ನೋಡುವವರಿಗೆ ಅದರ ಅಂಜಿಕೆ ಕಡಿಮೆ.

ಹೊಳೆಯಾಚೆಯ ಊರು

ಕೆಲವು ವರ್ಷದ ಹಿಂದೆ ಸಿಗಂದೂರಿಗೆ ಹೋದಾಗ ಹೊಳೆಯಾಚೆ ತುಮರಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಮನೆಯಲ್ಲಿ ಒಂದು ರಾತ್ರಿ ಉಳಿದಿದ್ದೆ. ಆಗ ಸೇತುವೆ ಇರಲಿಲ್ಲ, ಲಾಂಚಿನಲ್ಲಿ ದಾಟಬೇಕು. ಬಸ್ಸು, ಜೀಪು, ಮನುಷ್ಯರು, ಹಾಲಿನ ಕ್ಯಾನು ಎಲ್ಲ ಒಂದೇ ಲಾಂಚಿನ ಮೇಲೆ. ಸುತ್ತ ನೀಲಿ ನೀರು, ನೀರೊಳಗೆ ಅಲ್ಲಲ್ಲಿ ಗುಡ್ಡದ ತಲೆ. ನಮ್ಮಂಥ ಬರದ ಸೀಮೆಯವರು ಅಷ್ಟು ನೀರು ನೋಡಿದರೆ ಸುಮ್ಮನೆ ನಿಂತುಬಿಡುತ್ತೇವೆ. ನಾನೂ ನಿಂತೆ.

ರಾತ್ರಿ ಊಟ ಮಾಡಿ ಜಗಲಿಯಲ್ಲಿ ಕೂತಾಗ ಆ ಯಜಮಾನರಿಗೆ ಹೇಳಿದೆ: "ಯಜಮಾನ್ರೇ, ನೀವು ಪುಣ್ಯವಂತರು." ಅವರು ನಕ್ಕರು. "ನೋಡೋಕೆ ಬಂದೋರಿಗೆ ಚಂದ ಮಾರಾಯ್ರೆ. ಸಂಜೆ ಲಾಂಚು ನಿಂತ ಮೇಲೆ ಇಲ್ಲಿ ಯಾರಿಗೂ ಹುಷಾರು ತಪ್ಪಬಾರದು, ಅಷ್ಟೆ." ಕಾಡಿನ ದಾರಿ ಹಿಡಿದು ಹೊಸನಗರದ ಕಡೆ ಸುತ್ತಿ ಸಾಗರ ಮುಟ್ಟುವುದು ಅಂದರೆ ಅರ್ಧ ರಾತ್ರಿಯ ಪ್ರಯಾಣ. ಬೇಸಿಗೆಯಲ್ಲಿ ಹೊಳೆ ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದೂ ನಿಂತುಹೋಗುತ್ತಿತ್ತು. ಆಮೇಲೆ ಅವರೇ ನನ್ನನ್ನು ಕೇಳಿದರು: "ನಿಮ್ಮದು ಬಯಲಲ್ವ? ರಸ್ತೆ ಸಸಾರ, ಊರೆಲ್ಲ ಒಟ್ಟಿಗೇ ಇರ್ತದಲ್ವ?" ಕೇಳಿದ ರೀತಿ ನೋಡಿದರೆ ಅವರಿಗೂ ಹೊನವಾಡದ ಬಗ್ಗೆ ಒಂದು ಕನಸು ಇದ್ದಂತಿತ್ತು! ಬೋರಿನ ಕತೆ ಹೇಳಿ ಅದನ್ನು ಕೆಡಿಸಿದೆ.

ಮಲಗುವ ಮೊದಲು ಅವರು ಹೇಳಿದ ಇನ್ನೊಂದು ಸಂಗತಿ ಇಲ್ಲಿ ಬರೆಯಲೇಬೇಕು. ಆ ಊರುಗಳು ಹುಟ್ಟಿದಾಗಿನಿಂದ ದೂರದ ಊರುಗಳಲ್ಲ. ಅವನ್ನು ದೂರ ಮಾಡಿದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ನಿಂತಾಗ ಗದ್ದೆ ತೋಟ ಮುಳುಗಿದವು, ಊರಿಂದ ಊರಿಗಿದ್ದ ದಾರಿಗಳೂ ಮುಳುಗಿದವು. ಮುಳುಗಿದವರು ಎಲ್ಲೆಲ್ಲಿಗೋ ಹೋದರು. ಮುಳುಗದೆ ಉಳಿದವರು ನೀರಿನಾಚೆ ಸಿಕ್ಕಿಕೊಂಡರು. ಆ ನೀರಿನಿಂದ ಹುಟ್ಟಿದ ಕರೆಂಟು ಇಡೀ ರಾಜ್ಯಕ್ಕೆ ಹೋಯಿತು, ನಮ್ಮ ಕಡೆಯ ಪಂಪುಗಳಿಗೂ ಬಂತು. ಅಂದರೆ ನನ್ನ ಬೋರಿನ ಮೋಟರಿಗೂ ಅವರ ದೂರಕ್ಕೂ ಸಂಬಂಧವಿದೆ. ನಮ್ಮ ಕಡೆಗೂ ಇದು ಗೊತ್ತಿಲ್ಲದ್ದಲ್ಲ. ಅದೇ 1964ರಲ್ಲಿ ಆಲಮಟ್ಟಿಗೆ ಅಡಿಗಲ್ಲು ಬಿತ್ತು, ಮುಂದೆ ಕೃಷ್ಣಾ ದಂಡೆಯ ಎಷ್ಟೋ ಊರುಗಳು, ಬಾಗಲಕೋಟೆ ಪಟ್ಟಣದ ಒಂದು ಭಾಗ ನೀರು ಕುಡಿದವು.

ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈ 14ರಂದು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ಲೆಕ್ಕ ಹಾಕಿದರೆ 61 ವರ್ಷ. ಅಣೆಕಟ್ಟಿನ ವರ್ಷ ಹುಟ್ಟಿದ ಮಗು ಸೇತುವೆ ದಾಟುವ ಹೊತ್ತಿಗೆ ಅಜ್ಜ ಆಗಿದೆ.

ಆಗ ಕೆಲವರು ಆಡಿದ ಮಾತು ಕೇಳಿ ನನಗೆ ಸಿಟ್ಟು ಬಂತು. ಲಾಂಚಿನ ಮಜಾ ಹೋಯಿತು, ಆ ಊರಿನ ಶಾಂತಿ ಹೋಯಿತು, ಇನ್ನು ಅಲ್ಲಿ ಏನೂ ಉಳಿಯುವುದಿಲ್ಲ ಎಂದು. ಹೇಳಿದವರು ವರ್ಷಕ್ಕೊಮ್ಮೆ ಡಿಸೆಂಬರ್ ರಜೆಗೆ ಹೋಗಿ ಲಾಂಚಿನ ಮೇಲೆ ಫೋಟೋ ತೆಗೆಸಿಕೊಂಡವರು. ಅವರ ವರ್ಷಕ್ಕೊಂದು ಫೋಟೋಕ್ಕಾಗಿ ಆ ಊರಿನ ಬಸುರಿ ಹೆಂಗಸು ರಾತ್ರಿಯೆಲ್ಲ ದಂಡೆಯಲ್ಲಿ ಕಾಯಬೇಕೇನು? ರೈತನಾಗಿ ನಾನು ಸೇತುವೆಯ ಪಕ್ಷ. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ಊರು ಚಂದ ಇರುವುದು ಬೇರೆ, ಊರು ದೂರ ಇರುವುದು ಬೇರೆ. ಗುಡ್ಡ, ಹೊಳೆ, ಕಾಡು, ಚಂದದ ಬಾಬತ್ತು. ಬಸ್ಸಿಲ್ಲ, ಡಾಕ್ಟರಿಲ್ಲ, ಹೈಸ್ಕೂಲಿಲ್ಲ ಅನ್ನೋದು ಕೊರತೆಯ ಬಾಬತ್ತು. ಕನಸು ಕಾಣುವಾಗ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಕೊರತೆಗೂ ಚಂದ ಅಂತ ಹೆಸರಿಡುತ್ತೇವೆ. ನನ್ನ ತಕರಾರು ಇರುವುದು ಅಲ್ಲಿ.

ಅಲ್ಲಿಯೇ ಬಾಳಿದವರು ಏನು ಮಾಡಿದರು ನೋಡ್ರಿ. ಭದ್ರಾ ಅಭಯಾರಣ್ಯದ ಒಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು 2001–02ರ ಸುಮಾರಿಗೆ ಕಾಡು ಬಿಟ್ಟು ಹೊರಗೆ ಬಂದವು. ಬಹಳ ಮಂದಿ ಲಕ್ಕವಳ್ಳಿ ಸಮೀಪದ ಎಂ.ಸಿ. ಹಳ್ಳಿಯಲ್ಲಿ ನೆಲೆ ನಿಂತರು. ಅವರ ಹಳೆಯ ಊರುಗಳಿಗಿಂತ ಚಂದದ ಜಾಗ ಕರ್ನಾಟಕದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಆದರೆ ಬೆಳೆ ಆನೆ, ಹಂದಿ ಪಾಲು. ಮಳೆಗಾಲದಲ್ಲಿ ದಾರಿ ಬಂದ್. ಮಕ್ಕಳಿಗೆ ಶಾಲೆ ದೂರ. ನೀರಾವರಿ ಜಮೀನು, ಮನೆ, ರಸ್ತೆ ಕೊಡುತ್ತೇವೆ ಎಂದಾಗ ಹೊರಟರು. ಹುಟ್ಟಿದ ನೆಲ ಬಿಡುವ ಸಂಕಟ ಅವರಿಗೂ ಇದ್ದೇ ಇತ್ತು. ಇಂಥ ಕೆಲಸ ಎಲ್ಲ ಕಡೆ ಇಷ್ಟು ನೆಟ್ಟಗೆ ಆಗಿಲ್ಲ ಎಂಬುದೂ ಖರೆ. ಕುದುರೆಮುಖದ ಕಡೆ ಹೋಗಲೂ ಆಗದೆ ಇರಲೂ ಆಗದೆ ಕುಟುಂಬಗಳು ವರ್ಷಗಟ್ಟಲೆ ಕಾದಿವೆ. ಆ ದೊಡ್ಡ ಚರ್ಚೆ ಇಲ್ಲಿ ಬೇಡ.

ಸೇತುವೆಯಿಂದ ಕೆಟ್ಟದ್ದೂ ಬರಬಹುದು ಎಂದರೆ ಒಪ್ಪುತ್ತೇನೆ. ದಾರಿ ಬಂದಲ್ಲಿ ರೊಕ್ಕ ಇದ್ದವರ ಕಾರೂ ಬರುತ್ತದೆ. 2020ರಲ್ಲಿ ಭೂಸುಧಾರಣೆ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ರೈತನಲ್ಲದವನೂ ಹೊಲ ಕೊಳ್ಳಬಹುದು. ಒಕ್ಕಲುತನ ಮಾಡದವರ ಕನಸಿಗೆ ಈಗ ಖರೀದಿಪತ್ರವೂ ಸಿಗುತ್ತದೆ. ಬಂದವರು ಬೇಲಿ ಹಾಕಿ, ಗೇಟಿಗೆ ಬೀಗ ಹಾಕಿ, ವರ್ಷಕ್ಕೆ ಹತ್ತು ದಿನ ಬಂದು ಹೋದರೆ ಊರಿನಲ್ಲಿ ಒಂದು ಮನೆ ಕಡಿಮೆಯಾದಂತೆಯೇ. ಶಾಲೆಗೆ ಆ ಮನೆಯಿಂದ ಮಗು ಬರುವುದಿಲ್ಲ, ಸೊಸೈಟಿಗೆ ಹಾಲು ಬರುವುದಿಲ್ಲ, ಹೆಣಕ್ಕೆ ಹೆಗಲು ಕೊಡಲು ಆಳು ಬರುವುದಿಲ್ಲ. ಇದಕ್ಕೆ ದಾರಿ ಕಡಿಯುವುದು ಮದ್ದಲ್ಲ. ಇದ್ದವರು ಮಾರದೆ ಇರುವಂತೆ ಆಗಬೇಕು. ಅಡಿಕೆಗೆ ಎಲೆ ಚುಕ್ಕಿ, ಶೃಂಗೇರಿ ಕೊಪ್ಪದ ಕಡೆ ಹಳದಿ ಎಲೆ ರೋಗ, ಕೊಳೆಗೆ ಮದ್ದು ಹೊಡೆಯಲು ಆಳಿಲ್ಲ. ಇಷ್ಟರ ಮೇಲೆ ಮಗನನ್ನು ಓದಿಸಲು ಪೇಟೆಯಲ್ಲಿ ರೂಮು ಮಾಡಬೇಕು ಎಂದರೆ ಯಾರಾದರೂ ಮಾರಿಯಾರು.

ನಮ್ಮ ವಸ್ತಿ

ಇಷ್ಟೆಲ್ಲ ದೂರದ ಮಾತು ಆಡಿದೆ. ಈಗ ನಮ್ಮ ಹಣೆಬರಹ ಹೇಳುತ್ತೇನೆ.

ಹೊನವಾಡ ಬಸ್ಸು ಬರುವ ಊರು. ಆದರೆ ನಾವಿರುವುದು ಊರೊಳಗಲ್ಲ, ತೋಟದ ವಸ್ತಿಯಲ್ಲಿ, ಊರಿಂದ ಮೂರು ಕಿಲೋಮೀಟರ್. ದ್ರಾಕ್ಷಿ ಮಾಡುವವನು ತೋಟದಲ್ಲೇ ಇರಬೇಕಾಗುತ್ತದೆ, ಹಾಗಾಗಿ ತಿಕೋಟಾ ಕಡೆ ಇಂಥ ವಸ್ತಿಗಳು ಬಹಳ. ಹೋದ ಜನವರಿಯಲ್ಲಿ ಬೆಂಗಳೂರಿನಿಂದ ನಮ್ಮ ತಂಗಿಯ ಮಗ ಬಂದಿದ್ದ. ದ್ರಾಕ್ಷಿ ಗೊನೆ ತುಂಬಿ ನಿಂತಿತ್ತು, ಜೋಳ ತೆನೆ ಹಿರಿದಿತ್ತು, ಮುಂಜಾನೆ ಚಳಿ. ಬದುವಿನ ಮೇಲೆ ನಿಂತು ಅಂದ: "ಮಾಮಾ, ಎಂಥಾ ಛಲೋ ಜಾಗಾ ಇದು! ಗದ್ದಲಿಲ್ಲ ಏನಿಲ್ಲ. ನಾನೂ ಒಂದು ದಿನ ಇಲ್ಲೇ ಬಂದು ಇರ್ತೀನಿ." ಅವನ ಕಣ್ಣಿಗೆ ಅದು ಖರೆಯೇ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣಾ ನೀರು ಈ ಭಾಗದ ಕೆರೆಗಳಿಗೆ ಬರಲು ಹತ್ತಿದ ಮೇಲೆ ಮೊದಲಿನ ಹಾಳು ಬಯಲು ಈಗಿಲ್ಲ.

ಆದರೆ ಅವನು ಬಂದದ್ದು ಜನವರಿಯಲ್ಲಿ. ಎರಿ ಮಣ್ಣಿನ ದಾರಿ ಮಳೆ ಬಿದ್ದ ಮೇಲೆ ಏನಾಗುತ್ತದೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚಪ್ಪಲಿಗೆ ಹತ್ತಿದ ಮಣ್ಣು ಒಂದೊಂದು ಸೇರು ತೂಗುತ್ತದೆ. ಬೈಕಿನ ಗಾಲಿ ಮಡಗಾರ್ಡಿನೊಳಗೆ ಸಿಕ್ಕು ತಿರುಗುವುದಿಲ್ಲ, ಕಡ್ಡಿ ಹಿಡಿದು ಕೆದರುತ್ತ ನಿಲ್ಲಬೇಕು. ಅಕ್ಟೋಬರ್ ಚಾಟ್ನಿ ಆದ ಮೇಲೆ ಮಳೆ ಹಿಡಿದರೆ ಔಷಧ ಹೊಡೆಯುವ ಟ್ರ್ಯಾಕ್ಟರ್ ದಾರಿಯಲ್ಲೇ ಹೂಳುತ್ತದೆ. ಆ ಎರಡು ದಿನದೊಳಗೆ ಡೌನಿ ಬಂದು ಕೂತಿರುತ್ತದೆ. ನಮ್ಮ ವಸ್ತಿಯ ಎಂಟು ಮನೆಯ ಮಕ್ಕಳು ಮಳೆ ಬಂದ ಮರುದಿನ ಶಾಲೆ ತಪ್ಪಿಸುತ್ತಾರೆ. ಒಬ್ಬ ಅಜ್ಜಿಯನ್ನು ಹೊರಸಿನ ಮೇಲೆ ಹೊತ್ತು ಡಾಂಬರು ರಸ್ತೆ ಮುಟ್ಟಿಸಿದ್ದೇವೆ. ವಸ್ತಿ ಮನೆ ಅಂದ ಕೂಡಲೇ ಹೆಣ್ಣಿನ ಕಡೆಯವರು "ಊರಾಗ ಮನಿ ಇಲ್ಲೇನ್ರಿ?" ಅಂತ ಕೇಳುತ್ತಾರೆ.

ತುಮರಿಯವರಿಗೆ ಅಡ್ಡ ಬಂದದ್ದು ಎರಡು ಕಿಲೋಮೀಟರ್ ನೀರು. ನಮಗೆ ಅಡ್ಡ ಇರುವುದು ಎರಡು ಕಿಲೋಮೀಟರ್ ಕೆಸರು. ಅದಕ್ಕೆ ಸಾವಿರಗಟ್ಟಲೆ ಟನ್ ಕಬ್ಬಿಣ ಬೇಕಿಲ್ಲ, ಗರಸು ಸಾಕು. ನಡುವೆ ಸಿಕ್ಕಿಕೊಂಡಿರುವುದು ನಾವು ನಾವೇ. ನಕಾಶೆಯಲ್ಲಿ ಇರುವ ಬಂಡಿದಾರಿ ವರ್ಷಕ್ಕೊಂದು ಸಾಲು ರಂಟೆಯ ಬಾಯಿಗೆ ಹೋಗಿ ಈಗ ಕಾಲುದಾರಿ ಆಗಿದೆ. ಎರಡೂ ಕಡೆಯವರು ಒತ್ತಿದ್ದಾರೆ, ಯಾರನ್ನು ಬೈಯೋದು? ದಾರಿ ಬಿಡ್ರಿ ಅಂದರೆ "ಮೊದಲ ಅವರು ಬಿಡ್ಲಿ" ಅನ್ನುವ ಉತ್ತರ ಎಲ್ಲ ಊರಿನಲ್ಲೂ ಒಂದೇ. ದೂರದ ಗುಡ್ಡದ ಊರಿನ ಕನಸು ಕಾಣುವ ನಾವು ನಮ್ಮ ಹಿಂದಿನ ಹೊಲದವನಿಗೆ ಐದು ಅಡಿ ಬಿಡುವುದಿಲ್ಲ.

ಪತ್ರಿಕೆಗೆ ಬರೆಯುವ ಗೆಳೆಯರಲ್ಲಿ ನನ್ನದೊಂದು ವಿನಂತಿ ಇದೆ. ತೋಟದ ಚಿತ್ರ ಕಳಿಸಿರಿ, ನಿಲ್ಲಿಸಬೇಡಿರಿ. ಬಯಲಿನಲ್ಲಿ ಕೂತ ನನ್ನಂಥವರು ನೋಡಿ ಖುಷಿ ಪಡುತ್ತೇವೆ. ಚಿತ್ರದ ಕೆಳಗೆ ತಳಿ, ಗೊಬ್ಬರ, ಇಳುವರಿ ಬರೆಯುತ್ತೀರಲ್ಲ, ಅದರ ಜೊತೆ ಇನ್ನೆರಡು ಸಾಲು ಸೇರಿಸಿರಿ. ಬಸ್ಸು ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಮನೆಗೆ ಎಷ್ಟು ನಡೆಯಬೇಕು. ಹೈಸ್ಕೂಲು ಎಲ್ಲಿ. ರಾತ್ರಿ ಎದೆನೋವು ಬಂದರೆ ಆಸ್ಪತ್ರೆಗೆ ಎಷ್ಟು ತಾಸು. ಆಷಾಢದ ಒಂದು ಚಿತ್ರವನ್ನೂ ಕಳಿಸಿರಿ. ನಾನು ನಮ್ಮ ವಸ್ತಿಯ ದಾರಿಯ ಚಿತ್ರ ಕಳಿಸುತ್ತೇನೆ, ಬೈಕು ಹೂತು ನಿಂತದ್ದು.

ಮಲೆನಾಡಿಗೆ ಹೋಗಿ ಇರಬೇಕು ಅನ್ನುವ ಹುಡುಗರಿಗೆ ಬೇಡ ಎಂದು ನಾನು ಹೇಳುವವನಲ್ಲ. ಹೋಗಿ ಒಂದು ಮಳೆಗಾಲ ಪೂರ್ತಿ ಇದ್ದು ನೋಡಿ, ಆಮೇಲೆ ಮಾತಾಡ್ರಿ. ಇದ್ದಷ್ಟು ದಿನ ಆ ಊರಿನ ದಾರಿಗೆ, ಬಸ್ಸಿಗೆ, ಶಾಲೆಗೆ ಅರ್ಜಿ ಬರೆಯುವಾಗ ನಿಮ್ಮ ಸಹಿಯೂ ಅದರಲ್ಲಿ ಇರಲಿ. ಅದು ಇಲ್ಲದೆ ಬರೀ ಅಲ್ಲಿನ ಮೌನ ಕೇಳಲು ಹೋಗುವುದಾದರೆ ಲಾಡ್ಜು ಮಾಡಿಕೊಂಡು ಎರಡು ದಿನ ಇದ್ದು ಬರುವುದು ಎಲ್ಲರಿಗೂ ಅನುಕೂಲ.

ನಮ್ಮ ದಾರಿ ಐದು ಜನರ ಹೊಲದ ಬದುವಿನ ಮೇಲೆ ಹಾಯುತ್ತದೆ. ನಾಲ್ವರು ಒಪ್ಪಿದ್ದೇವೆ. ಐದನೆಯವರು "ಅಳತಿ ಆಗ್ಲಿ, ಆಮ್ಯಾಲ ಬಿಡ್ತೀನಿ" ಅಂದಿದ್ದಾರೆ, ಅದೂ ನ್ಯಾಯವೇ. ಅಳತೆಗೆ ಅರ್ಜಿ ಕೊಟ್ಟಿದ್ದೇವೆ. ಈ ಬೇಸಿಗೆಯಲ್ಲಿ ಅಳತೆಯಾದರೆ ರೋಹಿಣಿ ಮಳೆಗೆ ಮೊದಲು ಗರಸು ಹಾಕಿಸಬೇಕು. ಮನೆಗೆ ಇಷ್ಟು ಎಂದು ವಂತಿಗೆ ಎತ್ತಲು ಶುರು ಮಾಡಿದ್ದೇವೆ. ತಂಗಿಯ ಮಗನಿಗೂ ಫೋನ್ ಹಚ್ಚಿ, ನೀ ಬಂದು ಇರೋದು ಇರಲಿ, ಮೊದಲು ಎರಡು ಟ್ರಿಪ್ ಗರಸಿನ ರೊಕ್ಕ ಕಳಿಸು ಎಂದು ಹೇಳಿದ್ದೇನೆ.